ಗುಡಿಗೆ ಬಂದವರು ಬೀದಿಗೂ ಬರಲಿ: ಬೇಲೂರಿನ ಪೇಟೆಗೆ ಮತ್ತೆ ಜೀವ ತುಂಬುವ ದಾರಿ

ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬೇಲೂರಿನ ಚೆನ್ನಕೇಶವ ದೇವಸ್ಥಾನದ ಗೋಪುರದ ಮುಂದೆ ನಿಂತರೆ ಚಪ್ಪಲಿ ಬಿಡಲು ಜಾಗ ಹುಡುಕಬೇಕು. ಅಲ್ಲಿಂದ ಬಸ್ ನಿಲ್ದಾಣದ ಕಡೆಗೆ ಮುನ್ನೂರು ಹೆಜ್ಜೆ ನಡೆದು ಬನ್ನಿ. ಗಲ್ಲಾದ ಹಿಂದೆ ಕುಳಿತ ಅಂಗಡಿಯವರು ಬೀದಿಯನ್ನೇ ನೋಡುತ್ತಿರುತ್ತಾರೆ. ಅದೇ ಊರು, ಅದೇ ಗಂಟೆ, ಆದರೆ ಬೋಣಿ ಆಗಿರುವುದಿಲ್ಲ. ನಾನು ಇಂಥದೇ ಒಂದು ಬೀದಿಯ ದಿನಸಿ ಅಂಗಡಿಯಲ್ಲಿ ತಕ್ಕಡಿ ಹಿಡಿಯುವುದನ್ನು ಕಲಿತವನು. ನಮ್ಮ ಅಂಗಡಿಯ ಎಡಬಲದ ಷಟರುಗಳು ಒಂದೊಂದಾಗಿ ಇಳಿದದ್ದನ್ನು ನೋಡಿದ್ದೇನೆ. ಆ ನೋವಿನಿಂದಲೇ ಈ ಬರಹ.

2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ, ಇನ್ನು ನಮ್ಮ ವ್ಯಾಪಾರಕ್ಕೆ ಕುಂದಿಲ್ಲ ಎಂದು ಅನೇಕರು ನಂಬಿದರು. ಆದರೆ ಆ ಮನ್ನಣೆ ಸಂದದ್ದು ಗುಡಿಗೆ. ಗುಡಿಗೆ ಬಂದ ಕಾರು ಗುಡಿಯ ಹತ್ತಿರವೇ ನಿಂತು, ಗುಡಿಯ ಹತ್ತಿರದಿಂದಲೇ ಹೊರಟರೆ ಬೀದಿಗೆ ಉಳಿಯುವುದು ಹೊಗೆ ಮತ್ತು ದೂಳು. ಇಷ್ಟು ವರ್ಷ ನೋಡಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಊರಿನವರು ದಿನವೂ ಬರುವ ಬೀದಿಗೆ ಮಾತ್ರ ಪರಊರಿನವರ ಕಾಲು ತಿರುಗುತ್ತದೆ. ಪ್ರವಾಸಿಗರಿಗೆಂದೇ ಸಿಂಗರಿಸಿದ ಬೀದಿ ಮಳೆಗಾಲದ ಮೂರು ತಿಂಗಳಲ್ಲಿ ಮತ್ತೆ ಬಾಗಿಲು ಹಾಕುತ್ತದೆ. ಮುಂದೆ ಹೇಳುವುದೆಲ್ಲ ಬೇಲೂರನ್ನು ಕಣ್ಣ ಮುಂದಿಟ್ಟುಕೊಂಡು ಬರೆದದ್ದು. ಹಳೇಬೀಡು, ಶ್ರವಣಬೆಳಗೊಳ, ಶೃಂಗೇರಿ, ಚಿಕ್ಕಮಗಳೂರು ಪೇಟೆಯ ವರ್ತಕರೂ ತಮ್ಮ ಊರಿಗೆ ತಕ್ಕಂತೆ ಹೊಂದಿಸಿಕೊಳ್ಳಬಹುದು.

ಮೊದಲು ಜಗಲಿಯ ಮೇಲೆ ಕುಳಿತು ಎಣಿಸಿ

ಬಣ್ಣದ ಡಬ್ಬಿ ತರುವ ಮೊದಲು, ಮನವಿ ಪತ್ರ ಬರೆಯುವ ಮೊದಲು, ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ಮೂರು ದಿನಗಳನ್ನು ಆರಿಸಿಕೊಳ್ಳಿ: ವಾರದ ನಡುವಿನ ಒಂದು ಸಾದಾ ದಿನ, ಸಂತೆಯ ದಿನ, ಒಂದು ಭಾನುವಾರ. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಪ್ರತಿ ಗಂಟೆಯ ಮೊದಲ ಹದಿನೈದು ನಿಮಿಷ ಎಣಿಸಿ, ನಾಲ್ಕರಿಂದ ಗುಣಿಸಿದರೆ ಆ ಗಂಟೆಯ ಅಂದಾಜು ಲೆಕ್ಕ ಸಿಗುತ್ತದೆ. ಪುಟದಲ್ಲಿ ನಾಲ್ಕು ಕಾಲಂ ಸಾಕು. ಎಷ್ಟು ಜನ ನಡೆದು ಹೋದರು, ಎಷ್ಟು ಜನ ಯಾವುದಾದರೂ ಅಂಗಡಿಯ ಮೆಟ್ಟಿಲು ಹತ್ತಿದರು, ಎಷ್ಟು ಜನ ಕೈಯಲ್ಲಿ ಚೀಲ ಹಿಡಿದು ಇಳಿದರು, ಅವರಲ್ಲಿ ಊರಿನವರೆಷ್ಟು ಹೊರಗಿನವರೆಷ್ಟು. ಕಾಲೇಜಿನ ಮಕ್ಕಳನ್ನು ಈ ಕೆಲಸಕ್ಕೆ ಕರೆಯಿರಿ. ಅವರಿಗೆ ಇದು ಒಳ್ಳೆಯ ಪಾಠ, ನಿಮಗೂ ಅಂಗಡಿ ಬಿಟ್ಟು ಬರುವ ತೊಂದರೆ ಇರುವುದಿಲ್ಲ.

ಲೆಕ್ಕಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಗುಡಿಯಿಂದ ಹೊರಬಿದ್ದವರು ಬೀದಿಯಲ್ಲಿ ಎಲ್ಲಿಯವರೆಗೆ ಬಂದು ಹಿಂತಿರುಗುತ್ತಾರೆ ಎಂಬುದನ್ನು ನೋಡಿ. ಎಲ್ಲರೂ ಹೆಚ್ಚು ಕಡಿಮೆ ಒಂದೇ ಜಾಗದಲ್ಲಿ ತಿರುಗುವುದು ನಿಮಗೇ ಕಾಣುತ್ತದೆ. ಆ ಜಾಗಕ್ಕೆ ಹೋಗಿ ನಿಲ್ಲಿ. ಮುಚ್ಚಳವಿಲ್ಲದ ಚರಂಡಿ ಇರಬಹುದು, ತಲೆಗೆ ನೆರಳಿಲ್ಲದ ಐವತ್ತು ಅಡಿ ಇರಬಹುದು, ಫುಟ್‌ಪಾತನ್ನು ನುಂಗಿದ ಬೈಕುಗಳ ಸಾಲು ಇರಬಹುದು. ಬಹುಪಾಲು ಕಡೆ ಇರುವುದು ಮುಚ್ಚಿದ ಷಟರುಗಳು. ಒಂದು ಅಂಗಡಿ ಮುಚ್ಚಿದ್ದರೆ ಜನ ದಾಟಿ ಹೋಗುತ್ತಾರೆ. ಒಂದರ ಪಕ್ಕ ಒಂದು ಮೂರು ಮುಚ್ಚಿದ್ದರೆ ಪೇಟೆ ಇಲ್ಲಿಗೆ ಮುಗಿಯಿತು ಎಂದು ಕಾಲು ತಾನೇ ತೀರ್ಮಾನಿಸಿಬಿಡುತ್ತದೆ. ಅದರಾಚೆ ಎಷ್ಟೇ ಒಳ್ಳೆಯ ಅಂಗಡಿ ಇದ್ದರೂ ಪ್ರಯೋಜನವಿಲ್ಲ. ನಿಮ್ಮ ಇಡೀ ವರ್ಷದ ಕೆಲಸ ಆ ಒಂದು ಜಾಗದಿಂದ ಶುರುವಾಗಬೇಕು.

ಜೊತೆಗೆ ಬೀದಿಯ ಒಂದು ಕೈನಕ್ಷೆ ಬರೆಯಿರಿ. ಪ್ರತಿ ಮಳಿಗೆಗೂ ಒಂದು ಚೌಕ. ತೆರೆದಿದೆಯೇ, ಮುಚ್ಚಿದೆಯೇ, ಗೋದಾಮಾಗಿದೆಯೇ, ಮಾಲೀಕರು ಎಲ್ಲಿದ್ದಾರೆ. ಈ ನಕ್ಷೆ ಗೋಡೆಯ ಮೇಲಿದ್ದರೆ ಸಭೆಯಲ್ಲಿ ಜಗಳ ಅರ್ಧ ಕಡಿಮೆಯಾಗುತ್ತದೆ.

ಊರಿನ ಗಿರಾಕಿಯನ್ನು ಮರಳಿ ಕರೆಯಿರಿ

ನಮ್ಮ ಕಡೆ ಪೇಟೆಗೆ ಜೀವ ಬರುವ ದಿನಗಳು ಎರಡು: ಸಂತೆಯ ದಿನ ಮತ್ತು ಕಾಫಿ ತೋಟಗಳಲ್ಲಿ ಬಟವಾಡೆಯಾಗುವ ದಿನ. ಬಟವಾಡೆಯ ಸಂಜೆ ತೋಟದಿಂದ ಬಸ್ಸಿಳಿದ ಹೆಣ್ಣುಮಗಳು ಮಕ್ಕಳಿಗೆ ಚಪ್ಪಲಿ, ಮನೆಗೆ ಎಣ್ಣೆ, ತನಗೊಂದು ರವಿಕೆ ಬಟ್ಟೆ ಕೊಳ್ಳಬೇಕೆಂದು ಬಂದಿರುತ್ತಾಳೆ. ಅವಳ ಊರಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದು ನಿಮಗೆ ಗೊತ್ತೇ? ಸುತ್ತಲಿನ ಹಳ್ಳಿಗಳ ಬಸ್ ವೇಳೆಯನ್ನು ಬರೆದಿಟ್ಟುಕೊಂಡು ಅಂಗಡಿ ತೆರೆಯುವ, ಮುಚ್ಚುವ ಹೊತ್ತನ್ನು ಅದಕ್ಕೆ ಹೊಂದಿಸಿ. ಮಧ್ಯಾಹ್ನ ಎರಡು ಗಂಟೆ ಕಾಲ ಬಾಗಿಲು ಹಾಕಿ ಮಲಗುವ ರೂಢಿ ನನಗೂ ಪ್ರಿಯವೇ, ಆದರೆ ಸಂತೆಯ ದಿನ ಅದನ್ನು ಬಿಡಲೇಬೇಕು.

ಮೊಬೈಲ್‌ನಲ್ಲಿ ತರಿಸಿಕೊಳ್ಳಲಾಗದ್ದು ಏನಿದೆ ಎಂದು ಯೋಚಿಸಿ. ಹಿಟ್ಟಿನ ಗಿರಣಿ, ರವಿಕೆ ಹೊಲಿಯುವವರು, ಮಿಕ್ಸಿ ರಿಪೇರಿ, ಕೊಡೆ ರಿಪೇರಿ, ಚಪ್ಪಲಿಗೆ ಹೊಲಿಗೆ ಹಾಕುವವರು, ಹೂವು, ಕುಕ್ಕರಿನ ರಬ್ಬರು, ಜೆರಾಕ್ಸ್. ಇವುಗಳಿಗಾಗಿ ಬಂದವರು ಕಾಯುತ್ತಾರೆ, ಕಾಯುವಾಗ ಪಕ್ಕದಂಗಡಿಗೆ ಹೋಗುತ್ತಾರೆ. ಒಬ್ಬ ಒಳ್ಳೆಯ ದರ್ಜಿ ಬೀದಿ ಬಿಟ್ಟು ಹೋದರೆ ಬಟ್ಟೆ ಅಂಗಡಿಗೂ ಲೈನಿಂಗ್ ದಾರ ಮಾರುವವರಿಗೂ ನಷ್ಟ. ಅಂಚೆ ಕಚೇರಿಯೋ ಬ್ಯಾಂಕೋ ಸರ್ಕಾರಿ ಕಚೇರಿಯೋ ಊರಾಚೆಯ ಹೊಸ ಕಟ್ಟಡಕ್ಕೆ ಹೋಗುವ ಸುದ್ದಿ ಕಿವಿಗೆ ಬಿದ್ದ ದಿನವೇ ವರ್ತಕರೆಲ್ಲ ಸೇರಿ ಆಕ್ಷೇಪಣೆ ಬರೆದುಕೊಡಿ. ಅದು ಹೋದ ಮೇಲೆ ಮರಳಿ ತರುವುದು ಬಹಳ ಕಷ್ಟ.

ಪ್ರವಾಸಿಯ ಒಂದು ಗಂಟೆಯನ್ನು ಎರಡು ಗಂಟೆ ಮಾಡಿ

ಬೆಂಗಳೂರಿನಿಂದ ಒಂದೇ ದಿನದಲ್ಲಿ ಶ್ರವಣಬೆಳಗೊಳ, ಹಳೇಬೀಡು, ಬೇಲೂರು ಮೂರನ್ನೂ ಮುಗಿಸುವ ಪ್ರವಾಸದಲ್ಲಿ ನಮ್ಮ ಊರಿಗೆ ಸಿಗುವುದು ಸುಮಾರು ಒಂದು ಗಂಟೆ. ಗುಡಿಯ ಕಂಬಗಳ ಮೇಲಿನ ಶಿಲಾಬಾಲಿಕೆಯರಾದ ಮದನಿಕೆಯರನ್ನು ನೋಡಲೇ ಅದು ಸಾಲದು. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾದ ಗುಡಿಯನ್ನು ಓಡುತ್ತಾ ನೋಡಿ ಹೋಗುವುದನ್ನು ಕಂಡಾಗ ವ್ಯಾಪಾರದ ಮಾತು ಬಿಟ್ಟರೂ ಸಂಕಟವಾಗುತ್ತದೆ. ಅವರನ್ನು ಇನ್ನೊಂದು ಗಂಟೆ ನಿಲ್ಲಿಸುವುದು ಏನು? ನನ್ನ ಉತ್ತರ ಬಹಳ ಸಾಮಾನ್ಯವಾದದ್ದು: ಶೌಚಾಲಯ.

ಆರು ಗಂಟೆಗೆ ಬೆಂಗಳೂರು ಬಿಟ್ಟ ಹೆಂಗಸರು, ವಯಸ್ಸಾದವರು, ಚಿಕ್ಕ ಮಕ್ಕಳು ಊರಿಗೆ ಇಳಿದ ಕೂಡಲೇ ಹುಡುಕುವುದು ಅದನ್ನೇ. ಅದು ಕೊಳಕಾಗಿದ್ದರೆ ಅವರು ನೀರು ಕುಡಿಯುವುದಿಲ್ಲ, ಕಾಫಿ ಕುಡಿಯುವುದಿಲ್ಲ, ಊಟಕ್ಕೆ ನಿಲ್ಲುವುದಿಲ್ಲ. ಬೇಗ ಹತ್ತಿ ಎಂದು ತಾವೇ ಗಾಡಿಯವರನ್ನು ಅವಸರಿಸುತ್ತಾರೆ. ಬೀದಿಯ ನಡುಭಾಗದಲ್ಲಿ ದಿನಕ್ಕೆ ನಾಲ್ಕು ಬಾರಿ ತೊಳೆಯುವ, ಒಳಗಿನಿಂದ ಚಿಲಕ ಬೀಳುವ, ಸದಾ ನೀರಿರುವ ಶೌಚಾಲಯ ಇದ್ದರೆ ಅದೇ ನಿಮ್ಮ ಅತಿ ದೊಡ್ಡ ಜಾಹೀರಾತು. ಕಟ್ಟಿಸುವುದು ಪುರಸಭೆಯ ಕೆಲಸ. ನೋಡಿಕೊಳ್ಳುವವರ ಸಂಬಳಕ್ಕೆ ವರ್ತಕರು ಪಾಲು ಹಾಕಿದರೆ ಕೇಳುವ ಹಕ್ಕೂ ಬರುತ್ತದೆ. ಹೊಸದು ಕಟ್ಟುವವರೆಗೆ, ನಾಲ್ಕು ಹೋಟೆಲಿನವರು ತಮ್ಮ ಶೌಚಾಲಯವನ್ನು ಎಲ್ಲರಿಗೂ ತೆರೆದು ಬಾಗಿಲಲ್ಲಿ ಒಂದು ಫಲಕ ಹಾಕಲಿ, ಸ್ವಚ್ಛತೆಯ ಖರ್ಚನ್ನು ಬೀದಿಯವರೆಲ್ಲ ಹಂಚಿಕೊಳ್ಳಲಿ.

ಶೌಚಾಲಯದ ನಂತರ ಕುಡಿಯುವ ನೀರು, ನೆರಳು, ಕುಳಿತುಕೊಳ್ಳುವ ಕಟ್ಟೆ. ಹೊಂಗೆಯದೋ ಬೇವಿನದೋ ನಾಲ್ಕು ಮರ. ಹಿರಿಯರು ಕುಳಿತರೆ ಕಿರಿಯರು ಅಂಗಡಿ ಸುತ್ತುತ್ತಾರೆ.

ಊಟದ ವಿಷಯದಲ್ಲಿ ಹೋಟೆಲಿನವರಿಗೆ ನನ್ನದೊಂದು ಬೇಡಿಕೆಯಿದೆ. ಉತ್ತರ ಭಾರತದ ಥಾಲಿ, ಗೋಬಿ ಮಂಚೂರಿ ಎಲ್ಲ ಊರಲ್ಲೂ ಸಿಗುತ್ತದೆ. ಬೇಲೂರಿಗೆ ಬಂದವರಿಗೆ ಕಾವಲಿಯಿಂದ ಇಳಿದ ಅಕ್ಕಿ ರೊಟ್ಟಿ, ಕಾಯಿ ಚಟ್ನಿ, ಹಬೆಯಾಡುವ ಕಡುಬು, ಮಳೆಗಾಲದಲ್ಲಿ ಕೆಸುವಿನ ಪತ್ರೊಡೆ ಮತ್ತು ಕಳಲೆ, ಹಾಸನದ ಆಲೂಗಡ್ಡೆಯ ಪಲ್ಯ, ಕೊನೆಗೆ ಹದವಾದ ಫಿಲ್ಟರ್ ಕಾಫಿ ಕೊಡಿ. ದರಪಟ್ಟಿಯನ್ನು ಹೊರಗೆ ಕಾಣುವಂತೆ ಹಾಕಿ. ಬೆಲೆ ಕಾಣದ ಹೋಟೆಲಿಗೆ ನುಗ್ಗಲು ಸಂಸಾರಸ್ಥರು ಹೆದರುತ್ತಾರೆ. ಪ್ರವಾಸಿಗೆ ಒಂದು ದರ, ಊರಿನವರಿಗೆ ಒಂದು ದರ ಎಂಬ ಹೆಸರು ಒಮ್ಮೆ ಬಂದರೆ ಅಳಿಸಲು ವರ್ಷಗಳು ಬೇಕು.

ಗಾಡಿ ಎಲ್ಲಿ ನಿಲ್ಲಬೇಕೆಂದು ನಿರ್ಧರಿಸುವವರು ಚಾಲಕರು. ಹೆದ್ದಾರಿಯ ಹೋಟೆಲುಗಳು ಅವರಿಗೆ ಊಟ ಕೊಟ್ಟು ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ. ನೀವು ಅವರಿಗೆ ಕೈಕಾಲು ತೊಳೆಯಲು ನೀರು, ಅರ್ಧ ಗಂಟೆ ಬೆನ್ನು ಚಾಚಲು ಒಂದು ಕೋಣೆ, ಗೌರವದ ಮಾತು ಕೊಡಿ. ರಾತ್ರಿಯಿಡೀ ಗಾಡಿ ಓಡಿಸಿ ಬಂದವರಿಗೆ ಊಟದಷ್ಟೇ ದೊಡ್ಡದು ನಿದ್ದೆ. ಹಾಗೆಯೇ ಗುಡಿಯ ಗೈಡ್‌ಗಳನ್ನು ನಿಮ್ಮ ಸಭೆಗೆ ಕರೆಯಿರಿ. ದರ್ಪಣ ಸುಂದರಿಯ ಕಥೆ ಹೇಳಿದ ಮೇಲೆ, ಈ ಬಗೆಯ ಕಲ್ಲಿನಲ್ಲಿ ಇವತ್ತಿಗೂ ಕೆತ್ತುವವರು ಅಗೋ ಆ ತಿರುವಿನಲ್ಲಿ ಕುಳಿತಿದ್ದಾರೆ ಎಂದು ಅವರು ಹೇಳಿದರೆ ಸಾಕು.

ವಾಹನ ದೂರ ನಿಲ್ಲಲಿ, ಆದರೆ ಅಜ್ಜಿ ನಡೆಯುವಂತಾಗಬಾರದು

ಬೀದಿ ಬದುಕಬೇಕಾದರೆ ಜನ ಅದರ ಉದ್ದಕ್ಕೆ ನಡೆಯಬೇಕು. ರಜಾದಿನಗಳಲ್ಲಿ ಮಾತ್ರ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ, ಹೊರಗಿನ ಕಾರು ಮತ್ತು ಟಿಟಿ (ಟೆಂಪೊ ಟ್ರಾವೆಲರ್) ವಾಹನಗಳು ಬಸ್ ನಿಲ್ದಾಣದ ಕಡೆಯ ತುದಿಯಲ್ಲಿ ನಿಲ್ಲುವಂತೆ ಪುರಸಭೆ ಮತ್ತು ಪೊಲೀಸರನ್ನು ಕೇಳಿ. ಮೊದಲು ನಾಲ್ಕು ಭಾನುವಾರ ಪ್ರಯೋಗ ಮಾಡಿ, ಎಣಿಕೆಯ ನೋಟ್‌ಬುಕ್ ಜೊತೆಗಿರಲಿ. ನಡೆಯಲಾರದವರನ್ನು ಗುಡಿಯ ಬಾಗಿಲಲ್ಲೇ ಇಳಿಸಿ ಹೋಗಲು ಅವಕಾಶವಿರಬೇಕು, ಊರಿನ ಆಟೊಗಳಿಗೆ ತಡೆ ಇರಬಾರದು. ಅಂಗಡಿಗೆ ಸರಕು ಇಳಿಸುವ ಗಾಡಿಗಳಿಗೆ ಬೆಳಿಗ್ಗೆ ಒಂಬತ್ತರ ಒಳಗಿನ ಹೊತ್ತು. ಮತ್ತೊಂದು ಮಾತು ವರ್ತಕರಿಗೇ: ಅಂಗಡಿಯ ಮುಂದೆ ದಿನವಿಡೀ ನಿಂತಿರುವ ಬೈಕು ಹೆಚ್ಚಾಗಿ ಅಂಗಡಿಯವರದೇ. ಅದನ್ನು ಹಿಂದಿನ ಓಣಿಯಲ್ಲಿಡಿ.

ಮುಚ್ಚಿದ ಷಟರಿನ ಬೀಗ

ಇದು ಅತ್ಯಂತ ಕಠಿಣವಾದ ಹೆಜ್ಜೆ, ತಾಳ್ಮೆ ಬೇಕು. ಅಂಗಡಿ ಖಾಲಿ ಬಿದ್ದಿರುವುದಕ್ಕೆ ಬಾಡಿಗೆಗೆ ಕೇಳುವವರಿಲ್ಲ ಎಂಬುದೊಂದೇ ಕಾರಣವಲ್ಲ. ಅಣ್ಣತಮ್ಮಂದಿರ ಪಾಲು ಇತ್ಯರ್ಥವಾಗಿರುವುದಿಲ್ಲ. ಮಾಲೀಕರು ಬೆಂಗಳೂರಿನಲ್ಲಿದ್ದು ವರ್ಷಕ್ಕೊಮ್ಮೆ ತೇರಿಗೆ ಮಾತ್ರ ಬರುತ್ತಾರೆ. ಹತ್ತು ವರ್ಷದ ಹಿಂದಿನ ಒಳ್ಳೆಯ ಕಾಲದ ಅಡ್ವಾನ್ಸ್ ಈಗಲೂ ಸಿಗಬೇಕೆಂದು ಕಾಯುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಒಮ್ಮೆ ಒಳಗೆ ಬಂದವನು ಬಿಟ್ಟು ಹೋಗುವುದಿಲ್ಲ ಎಂಬ ಭಯ. ನಮ್ಮ ಮನೆತನದ ಒಂದು ಮಳಿಗೆಯೂ ಇದೇ ಭಯದಿಂದ ಆರು ವರ್ಷ ಬೀಗ ಹಾಕಿಕೊಂಡಿತ್ತು. ಆರು ವರ್ಷ ಬಾಡಿಗೆ ಬರಲಿಲ್ಲ, ಮಾಡಿನ ಹೆಂಚು ಬಿದ್ದು ಒಳಗೆಲ್ಲ ಮಳೆ ನೀರು ನಿಂತಿತು. ಕಳೆದುಕೊಂಡದ್ದನ್ನು ಲೆಕ್ಕ ಹಾಕಿದಾಗ ನನ್ನ ಚಿಕ್ಕಪ್ಪ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು.

ಆದ್ದರಿಂದ ಮಾಲೀಕರ ಬಳಿಗೆ ಹೋಗುವಾಗ ಅವರ ಭಯಕ್ಕೆ ಉತ್ತರ ಹಿಡಿದು ಹೋಗಿ. ಮೂರು ತಿಂಗಳ ಪ್ರಾಯೋಗಿಕ ಅಂಗಡಿ: ದಸರಾದಿಂದ ಸಂಕ್ರಾಂತಿಯವರೆಗೆ. ಅಡ್ವಾನ್ಸ್ ಒಂದು ತಿಂಗಳ ಬಾಡಿಗೆಯಷ್ಟು ಮಾತ್ರ. ಮೊದಲ ತಿಂಗಳು ಬಾಡಿಗೆಯ ಬದಲು ಸುಣ್ಣಬಣ್ಣ, ವಿದ್ಯುತ್ ರಿಪೇರಿ. ಅನಂತರ ಕಡಿಮೆ ಬಾಡಿಗೆ, ಅದರ ಮೇಲೆ ಮಾರಾಟದ ಸಣ್ಣ ಪಾಲು. ಮಾತನ್ನು ಬಾಯಲ್ಲಿ ಬಿಡದೆ ಛಾಪಾ ಕಾಗದದ ಮೇಲೆ ಕರಾರು ಮಾಡಿ, ಬಿಟ್ಟುಕೊಡುವ ದಿನಾಂಕ ಬರೆಯಿರಿ, ಬೀದಿಯ ಇಬ್ಬರು ಹಿರಿಯ ವರ್ತಕರು ಸಾಕ್ಷಿ ಹಾಕಲಿ. ವ್ಯವಹಾರ ಕುದುರಿದರೆ ಮುಂದಿನದು ರೂಢಿಯ 11 ತಿಂಗಳ ಕರಾರು. ಒಂದು ವರ್ಷ ಮೀರಿದ ಬಾಡಿಗೆ ಪತ್ರವನ್ನು 1908ರ ನೋಂದಣಿ ಕಾಯ್ದೆಯಂತೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬೇಕಾಗುತ್ತದೆ. ಅಂಗಡಿ ಕಟ್ಟಿ ಬೆಳೆಸುವವರಿಗೆ ಐದು ವರ್ಷದ ನೋಂದಾಯಿತ ಪತ್ರವೇ ಧೈರ್ಯ ಕೊಡುತ್ತದೆ, ಆ ಹಂತ ಬಂದಾಗ ಖರ್ಚಿಗೆ ಹಿಂಜರಿಯಬೇಡಿ.

ಮಾಲೀಕರು ಯಾವುದಕ್ಕೂ ಒಪ್ಪದಿದ್ದರೆ ಷಟರಿನ ಮೇಲೆ ಚಿತ್ರ ಬಿಡಿಸಲು, ರಾತ್ರಿ ದೀಪ ಹಾಕಲು, ಜಗಲಿಯಲ್ಲಿ ಹೂ ಮಾರುವವರು ಕೂರಲು ಅನುಮತಿ ಕೇಳಿ. ಕತ್ತಲಾದ ಮೂರು ಷಟರುಗಳ ನಡುವಿನದು ಬೆಳಗಿದರೂ ಕಾಲು ಮುಂದಕ್ಕೆ ಹೋಗುತ್ತದೆ.

ಇಂಗ್ಲೆಂಡಿನ ಕಡಲತೀರದ ಊರುಗಳ ಪಾಡು ನಮ್ಮದಕ್ಕಿಂತ ಕೆಟ್ಟಿತ್ತು. ಜನ ಅಗ್ಗದ ವಿಮಾನ ಹತ್ತಿ ಸ್ಪೇನಿನ ಬಿಸಿಲಿಗೆ ಹೋಗಲು ಶುರುಮಾಡಿದ ಮೇಲೆ ಅಲ್ಲಿನ ಪೇಟೆಗಳು ಬರಿದಾದವು. ಕೆಂಟ್ ಸೀಮೆಯ ಫೋಕ್‌ಸ್ಟನ್ ಎಂಬ ಬಂದರಿನ ಊರಿನಲ್ಲಿ ಒಂದು ದತ್ತಿ ಸಂಸ್ಥೆ ಹಳೆಯ ಪೇಟೆ ಬೀದಿಯ ಹತ್ತಾರು ಪಾಳು ಕಟ್ಟಡಗಳನ್ನು ತನ್ನ ಕೈಗೆ ತೆಗೆದುಕೊಂಡು, ದುರಸ್ತಿ ಮಾಡಿ, ಕಲಾವಿದರಿಗೂ ಸಣ್ಣ ಕಸುಬಿನವರಿಗೂ ಕಡಿಮೆ ಬಾಡಿಗೆಗೆ ಕೊಟ್ಟಿತು. ಬೀದಿ ಬದಲಾಯಿತು. ಅಷ್ಟು ಹಣವಿರುವ ದಾನಿ ನಮಗೆ ಸಿಗಲಾರರು. ಆದರೆ ಅಕ್ಕಪಕ್ಕದ ನಾಲ್ಕು ಮಾಲೀಕರು ಒಟ್ಟಿಗೆ ಒಪ್ಪಿದರೆ ಬಿಡಿಬಿಡಿಯಾಗಿ ಹತ್ತು ಜನ ಒಪ್ಪಿದ್ದಕ್ಕಿಂತ ಹೆಚ್ಚು ಫಲ ಎಂಬ ಪಾಠಕ್ಕೆ ಹಣ ಬೇಕಿಲ್ಲ. ಆದ್ದರಿಂದಲೇ ಎಣಿಕೆಯಲ್ಲಿ ಕಂಡ ಆ ತಿರುಗುವ ಜಾಗದ ಮಳಿಗೆಗಳಿಂದ ಶುರುಮಾಡಿ ಎಂದೆ.

ಏನನ್ನು ಮಾರಬೇಕು

ಎಲ್ಲ ಕ್ಷೇತ್ರಗಳಲ್ಲೂ ಸಿಗುವ ಪ್ಲಾಸ್ಟಿಕ್ ಆಟಿಕೆ, ಕೀಚೈನುಗಳನ್ನು ಹತ್ತು ಅಂಗಡಿಯವರೂ ಒಂದೇ ಸಗಟು ಮಳಿಗೆಯಿಂದ ತಂದು, ಒಬ್ಬರಿಗಿಂತ ಒಬ್ಬರು ಐದು ರೂಪಾಯಿ ಇಳಿಸಿ ಮಾರುವುದನ್ನು ನೋಡಿದರೆ ಬೇಸರವಾಗುತ್ತದೆ. ನಮ್ಮಲ್ಲಿ ಕಾಫಿ ಇದೆ, ಮೆಣಸು, ಏಲಕ್ಕಿ ಇದೆ, ಜೇನಿದೆ, ಮಿಡಿ ಉಪ್ಪಿನಕಾಯಿ ಇದೆ, ಅರಸೀಕೆರೆಯ ಕೊಬ್ಬರಿ ಇದೆ. ಕಾಫಿ ಬೀಜವನ್ನು ಗಿರಾಕಿಯ ಎದುರೇ ಪುಡಿ ಮಾಡಿ, ಸಣ್ಣ ಲೋಟದಲ್ಲಿ ರುಚಿಗೆ ಕೊಡಿ. ಆ ಪರಿಮಳವೇ ಬೀದಿಯ ಆ ತುದಿಯಿಂದ ಜನರನ್ನು ಕರೆಯುತ್ತದೆ. ಚಿಕೋರಿ ಎಷ್ಟು ಬೆರೆಸಿದೆ ಎಂದು ಪೊಟ್ಟಣದ ಮೇಲೆ ಸ್ಪಷ್ಟವಾಗಿ ಬರೆಯಿರಿ. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ, ಅಂದರೆ ಆ ಸೀಮೆಯ ಬೆಳೆಗೆ ಮಾತ್ರ ಆ ಹೆಸರು ಸಲ್ಲುವ ಮಾನ್ಯತೆ ಸಿಕ್ಕಿದೆ. ಎಲ್ಲಿಯದೋ ಪುಡಿಗೆ ಆ ಹೆಸರು ಅಂಟಿಸುವುದು ಕಾನೂನಿಗೂ ಬೆಳೆಗಾರರಿಗೂ ಮಾಡುವ ದ್ರೋಹ. ತೋಟದ ಊರಿನ ಹೆಸರು ಹಾಕಿ, ಗಿರಾಕಿ ಅದನ್ನೇ ನೆನಪಿಟ್ಟುಕೊಂಡು ಮುಂದಿನ ತಿಂಗಳು ಫೋನು ಮಾಡುತ್ತಾರೆ.

ಶಿಲ್ಪಿಗಳನ್ನು ಬೀದಿಗೆ ಕರೆತರುವುದು ನನ್ನ ದೊಡ್ಡ ಆಸೆ. ಹೊಯ್ಸಳರು ಕೆತ್ತಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಬರುಬರುತ್ತ ಗಟ್ಟಿಯಾಗುತ್ತದೆ, ಆಭರಣದ ಎಳೆ ಎಳೆಯನ್ನೂ ಬಿಡಿಸಲು ಸಾಧ್ಯವಾದದ್ದು ಅದರಿಂದಲೇ. ಉಳಿಯ ಸದ್ದು ಕೇಳಿಸುವ ಒಂದು ಮಳಿಗೆ ಸಾಕು, ಮಕ್ಕಳು ಅಲ್ಲಿಂದ ಕದಲುವುದಿಲ್ಲ. ಎರಡಡಿಯ ವಿಗ್ರಹ ಕೊಳ್ಳುವವರು ಅಪರೂಪ. ಅಂಗೈಯಲ್ಲಿ ಹಿಡಿಯುವ, ಚೀಲದಲ್ಲಿ ಒಡೆಯದೆ ಹೋಗುವ, ಇನ್ನೂರು ಮುನ್ನೂರು ರೂಪಾಯಿಯ ಆನೆ, ಹಂಸ, ದೀಪ ಹೆಚ್ಚು ಇರಲಿ. ಕೆತ್ತಿದವರ ಹೆಸರಿನ ಚೀಟಿ ಜೊತೆಗಿರಲಿ.

ತಳ್ಳುಗಾಡಿಯವರು ವೈರಿಗಳಲ್ಲ

ವ್ಯಾಪಾರ ಬಿದ್ದಾಗ ಮೊದಲು ಕಣ್ಣು ಕೆಂಪಾಗುವುದು ಫುಟ್‌ಪಾತಿನ ಮೇಲೆ. ಕಡಲೆಕಾಯಿ, ಎಳನೀರು, ಹೂವು ಮಾರುವವರನ್ನು ಎಬ್ಬಿಸಿದರೆ ಬೀದಿ ಶುಭ್ರವಾಗುತ್ತದೆ, ನಿಜ. ಜನರೂ ಇರುವುದಿಲ್ಲ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪ್ರತಿ ಊರಿಗೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ ಶೇ 40ರಷ್ಟು ಬೀದಿ ವ್ಯಾಪಾರಿಗಳೇ ಚುನಾಯಿತರಾಗಿರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು, ಸ್ಥಳಾಂತರಿಸುವ ಮೊದಲು 30 ದಿನದ ನೋಟಿಸ್ ಕೊಡಬೇಕು. ನಿಮ್ಮ ಪುರಸಭೆಯಲ್ಲಿ ಆ ಸಮಿತಿ ಸಭೆ ಸೇರುತ್ತಿದೆಯೇ ಎಂದು ಮುಖ್ಯಾಧಿಕಾರಿಯವರನ್ನು ಬರಹದಲ್ಲಿ ಕೇಳಿ. ಅಲ್ಲಿ ಕುಳಿತು ಗಾಡಿಗಳಿಗೆ ಗೆರೆ ಹಾಕಿದ ಜಾಗ, ಕಸದ ಬುಟ್ಟಿ, ಹೊತ್ತು ನಿಗದಿ ಮಾಡಿಕೊಳ್ಳಿ. ಅವರಿಗೆ ಬಂಡವಾಳ ಬೇಕಿದ್ದರೆ ಕೇಂದ್ರದ ಪಿಎಂ ಸ್ವನಿಧಿ ಸಾಲಕ್ಕೆ ಅರ್ಜಿ ಹಾಕಲು ನಿಮ್ಮ ಅಂಗಡಿಯ ಹುಡುಗನೇ ನೆರವಾಗಲಿ.

ಗೋಡೆ ಮುಟ್ಟುವ ಮೊದಲು

ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ಇದನ್ನು ಬಿಗಿಗೊಳಿಸಿದೆ. ಗುಡಿಗೆ ಹತ್ತಿರದ ಅಂಗಡಿಗಳು ಈ ವ್ಯಾಪ್ತಿಯಲ್ಲೇ ಬರುತ್ತವೆ. ಹಳೆಯ ಕಟ್ಟಡದ ದುರಸ್ತಿಗೂ ಈ ಕಾಯ್ದೆಯಡಿ ನೇಮಕವಾದ ಸಕ್ಷಮ ಪ್ರಾಧಿಕಾರದ ಮೂಲಕ ಅನುಮತಿ ಪಡೆಯಬೇಕು. ಒಬ್ಬೊಬ್ಬರೇ ಅಲೆಯುವ ಬದಲು ಬೀದಿಯ ದುರಸ್ತಿಗಳನ್ನೆಲ್ಲ ಪಟ್ಟಿ ಮಾಡಿ, ಛಾಯಾಚಿತ್ರ ಸಹಿತ, ಒಟ್ಟಿಗೆ ಅರ್ಜಿಗಳನ್ನು ಸಿದ್ಧಪಡಿಸಿ. ಈ ಕಾನೂನನ್ನು ಶಾಪವೆಂದು ನೋಡಬೇಡಿ. ಹೆಂಚಿನ ಮಾಡು, ಮರದ ಕಂಬ, ಜಗಲಿ ಉಳಿದ ಅಂಗಡಿಯ ಮುಂದೆಯೇ ಜನ ಫೋಟೊ ತೆಗೆಸಿಕೊಳ್ಳುವುದು.

ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ನಿಯಮ ಹೇಗೂ ಇದೆ. ಕೈಬರಹದ ಚೆಂದದ ಅಕ್ಷರಗಳಲ್ಲಿ ಬರೆಸಿ. ತೇರು ಎಳೆಯುವ ಬೀದಿಗೆ ಅಡ್ಡವಾಗಿ ಶಾಶ್ವತ ಚಪ್ಪರ, ಕಮಾನು ಹಾಕಿಸುವ ಆಸೆಯನ್ನು ಬಿಟ್ಟುಬಿಡಿ.

ಹಣ ಮತ್ತು ಮುಂದಿನ ಎಣಿಕೆ

ಐವರ ಸಮಿತಿ ಸಾಕು: ಇಬ್ಬರು ಅಂಗಡಿಯವರು, ಒಬ್ಬ ಹೋಟೆಲಿನವರು, ಒಬ್ಬ ತಳ್ಳುಗಾಡಿಯವರು, ಒಬ್ಬ ಮಾಲೀಕರು. ಐವರಲ್ಲಿ ಇಬ್ಬರಾದರೂ ಮಹಿಳೆಯರಿರಲಿ. ಶೌಚಾಲಯದ ವಿಷಯವನ್ನು ಗಂಡಸರಷ್ಟೇ ಕುಳಿತು ಬಗೆಹರಿಸಿದ್ದನ್ನು ನಾನು ಕಂಡಿಲ್ಲ. ತಿಂಗಳಿಗೆ ಅಂಗಡಿಗೆ ಇಷ್ಟು ಎಂದು ಚಂದಾ, ಬ್ಯಾಂಕ್ ಖಾತೆಗೆ ಇಬ್ಬರ ಸಹಿ, ಲೆಕ್ಕದ ಹಾಳೆ ಪ್ರತಿ ತಿಂಗಳ ಮೊದಲ ದಿನ ಬೀದಿಯ ಫಲಕದಲ್ಲಿ. ಪುರಸಭೆಯ ಮುಂಗಡಪತ್ರ ಏಪ್ರಿಲ್‌ಗೆ ಮೊದಲೇ ಸಿದ್ಧವಾಗುವುದರಿಂದ ಚರಂಡಿ ಮುಚ್ಚಳ, ದೀಪ, ಶೌಚಾಲಯದ ಬೇಡಿಕೆಯನ್ನು ಡಿಸೆಂಬರ್ ಹೊತ್ತಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ, ಎಣಿಕೆಯ ಪ್ರತಿಯನ್ನು ಲಗತ್ತಿಸಿ. ಬಾಯಿಮಾತಿನ ದೂರಿಗಿಂತ ಅಂಕಿಅಂಶದ ಹಾಳೆಗೆ ಅಧಿಕಾರಿಗಳು ಬೇಗ ಉತ್ತರಿಸುತ್ತಾರೆ.

ಒಂದು ವರ್ಷ ಕಳೆದ ಮೇಲೆ ಅದೇ ಮೂರು ದಿನ, ಅದೇ ಜಗಲಿ, ಅದೇ ನಾಲ್ಕು ಕಾಲಂ. ಗುಡಿಗೆ ಬಂದವರ ಸಂಖ್ಯೆ ಹೆಚ್ಚಿತೇ ಎಂದು ಮೊದಲು ನೋಡಬೇಡಿ. ಸಾದಾ ದಿನದ ಪುಟ ತೆರೆಯಿರಿ. ಸಂಜೆ ಐದರಿಂದ ಏಳರ ನಡುವೆ ಚೀಲ ಹಿಡಿದು ಇಳಿದ ಊರಿನವರ ಅಂಕಿ ಹೋದ ವರ್ಷಕ್ಕಿಂತ ಮೇಲಿದ್ದರೆ ಮುಂದಿನ ಷಟರಿನ ಮಾಲೀಕರಿಗೆ ಫೋನು ಮಾಡಿ. ಇಲ್ಲವಾದರೆ ಜನ ತಿರುಗುವ ಜಾಗ ಎಲ್ಲಿಗೆ ಸರಿದಿದೆ ಎಂದು ಹುಡುಕಿ, ಅಲ್ಲಿಗೆ ಹೋಗಿ ನಿಲ್ಲಿ.